ಪ್ರಿಂಟ್-ಆನ್-ಡಿಮ್ಯಾಂಡ್ ಅಂಗಡಿ: ಮೊದಲ ಆರ್ಡರ್ ಬರುವ ಮುಂಚೆಯೇ ತಿದ್ದಿಕೊಳ್ಳಬೇಕಾದ ತಪ್ಪುಗಳು

ಪ್ರಿಂಟ್-ಆನ್-ಡಿಮ್ಯಾಂಡ್‌ನಲ್ಲಿ ಮಾಲು ನಿಮ್ಮ ಕೈಗೆ ಬರುವುದೇ ಇಲ್ಲ. ಗ್ರಾಹಕರು ಆರ್ಡರ್ ಹಾಕುತ್ತಾರೆ. ಎಲ್ಲೋ ಇರುವ ಮುದ್ರಣ ಘಟಕ ಒಂದೇ ಒಂದು ಟೀಶರ್ಟ್ ತೆಗೆದು, ಅಚ್ಚು ಹಾಕಿ, ಪ್ಯಾಕ್ ಮಾಡಿ ನೇರವಾಗಿ ಅವರ ಮನೆಗೆ ಕಳಿಸುತ್ತದೆ. ಗೋದಾಮು ಬೇಡ, ಮಾಲು ತುಂಬಿಸಿಕೊಳ್ಳಲು ಬಂಡವಾಳ ಬೇಡ ಎಂಬ ಅನುಕೂಲ ಬರುವುದು ಇದರಿಂದಲೇ. ಹೊಸಬರ ಬಹುಪಾಲು ತಪ್ಪುಗಳೂ ಇದರಿಂದಲೇ ಹುಟ್ಟುತ್ತವೆ. ಮಾಲನ್ನು ಎದುರಿಗಿಟ್ಟು ಮಾರುವವರು ಬಟ್ಟೆ ಬಿಡಿಸಿ ನೋಡುತ್ತಾರೆ, ಅಚ್ಚು ಓರೆಯಾಗಿದ್ದರೆ ಪಕ್ಕಕ್ಕೆ ಎತ್ತಿಡುತ್ತಾರೆ. ಇಲ್ಲಿ ಆ ಕೊನೆಯ ನೋಟಕ್ಕೆ ಅವಕಾಶವಿಲ್ಲ. ದೋಷವನ್ನು ಮೊದಲು ಕಾಣುವುದು ದುಡ್ಡು ಕೊಟ್ಟವರ ಕಣ್ಣು. ಆದ್ದರಿಂದ ಕೈಯಲ್ಲಿ ಹಿಡಿದು ನೋಡಿದ್ದರೆ ಸಿಗುತ್ತಿದ್ದ ತಪ್ಪನ್ನೆಲ್ಲ ಫೈಲ್‌ನಲ್ಲಿ, ಬೆಲೆಯ ಲೆಕ್ಕದಲ್ಲಿ, ಅಂಗಡಿಯ ಪುಟದ ಬರಹದಲ್ಲಿ ಮೊದಲೇ ಹಿಡಿಯಬೇಕು. ಎಲ್ಲೆಲ್ಲಿ ಹುಡುಕಬೇಕು, ಹೇಗೆ ಹುಡುಕಬೇಕು ಎಂಬುದನ್ನು ಮುಂದೆ ಹೇಳಿದ್ದೇವೆ.

ಪಿಕ್ಸೆಲ್ ಎಣಿಸಿ, ಡಿಪಿಐ ಅಂಕಿಯನ್ನು ನಂಬಬೇಡಿ

ಟೀಶರ್ಟ್‌ನ ಎದೆಭಾಗದಲ್ಲಿ ಸಾಮಾನ್ಯವಾಗಿ ಸಿಗುವ ಮುದ್ರಣ ಜಾಗ 12 ಇಂಚು ಅಗಲ, 16 ಇಂಚು ಎತ್ತರ. ಇಂಚಿಗೆ 300 ಚುಕ್ಕೆಯಂತೆ (ಇದನ್ನೇ 300 ಡಿಪಿಐ ಎನ್ನುವುದು) ಲೆಕ್ಕ ಹಾಕಿದರೆ 3600 × 4800 ಪಿಕ್ಸೆಲ್‌ನ ಫೈಲ್ ಬೇಕು. ಅಮೆಜಾನ್‌ನ ಮರ್ಚ್ ಆನ್ ಡಿಮ್ಯಾಂಡ್ ಟೀಶರ್ಟ್‌ಗೆ 4500 × 5400 ಪಿಕ್ಸೆಲ್ ಕೇಳುತ್ತದೆ, ಅದು 15 × 18 ಇಂಚಿನ ಲೆಕ್ಕ. ಚಿತ್ರ ಬರೆಯಲು ಕೂರುವಾಗಲೇ ಈ ಅಳತೆಯ ಕ್ಯಾನ್ವಾಸ್ ತೆರೆಯಿರಿ. ಕೊನೆಗೆ ದೊಡ್ಡದು ಮಾಡಿದರಾಯಿತು ಎಂದುಕೊಂಡರೆ ಅಲ್ಲೇ ಕೆಟ್ಟಿತು.

ಇನ್‌ಸ್ಟಾಗ್ರಾಂಗೆಂದು ಮಾಡಿದ 1080 ಪಿಕ್ಸೆಲ್ ಅಗಲದ ಚಿತ್ರವನ್ನು 12 ಇಂಚಿಗೆ ಎಳೆದರೆ ಇಂಚಿಗೆ 90 ಪಿಕ್ಸೆಲ್ ಮಾತ್ರ ಸಿಗುತ್ತದೆ. ಮೊಬೈಲ್ ಪರದೆಯಲ್ಲಿ ಗರಿಗರಿಯಾಗಿ ಕಂಡ ಅಕ್ಷರಗಳ ಅಂಚು ಬಟ್ಟೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಆಗ ಹಲವರು ಸಾಫ್ಟ್‌ವೇರ್‌ನಲ್ಲಿ 72 ಎಂದಿರುವುದನ್ನು ಅಳಿಸಿ 300 ಎಂದು ಬರೆಯುತ್ತಾರೆ. ಇದರಿಂದ ಒಂದು ಪಿಕ್ಸೆಲ್ ಕೂಡ ಹೆಚ್ಚುವುದಿಲ್ಲ, ಚಿತ್ರದ ಮೇಲಿನ ಚೀಟಿ ಬದಲಾಗುತ್ತದೆ ಅಷ್ಟೆ. ಸಾಫ್ಟ್‌ವೇರ್ ಪಿಕ್ಸೆಲ್ ಸೇರಿಸುವಂತೆ ಮಾಡಿದರೂ ಅದು ಊಹೆಯಿಂದ ತುಂಬಿಸುತ್ತದೆ, ಅಂಚು ಮಸುಕಾಗುತ್ತದೆ. ಅಕ್ಷರ ಮತ್ತು ಸರಳ ಆಕಾರಗಳನ್ನು ವೆಕ್ಟರ್ ಆಗಿ, ಅಂದರೆ ಪಿಕ್ಸೆಲ್ ಬದಲು ಗೆರೆಗಳ ಲೆಕ್ಕವಾಗಿ, ಇಟ್ಟುಕೊಂಡರೆ ಈ ತಲೆನೋವೇ ಇಲ್ಲ. ಎಷ್ಟು ದೊಡ್ಡದು ಬೇಕೋ ಅಷ್ಟಕ್ಕೆ ಹೊರತೆಗೆಯಬಹುದು. ಫೋಟೊ ಇರುವ ವಿನ್ಯಾಸವಾದರೆ ಇಂಚಿಗೆ 150ಕ್ಕಿಂತ ಕೆಳಗೆ ಇಳಿಯಬೇಡಿ.

ಒಂದು ಪರೀಕ್ಷೆಗೆ ಖರ್ಚೇ ಇಲ್ಲ. ವಿನ್ಯಾಸವನ್ನು ನಿಜ ಅಳತೆಯಲ್ಲಿ ನಾಲ್ಕು ಎ4 ಹಾಳೆಗಳ ಮೇಲೆ ಪ್ರಿಂಟ್ ತೆಗೆದು, ಹಾಳೆಗಳನ್ನು ಅಂಟಿಸಿ, ಒಂದು ಅಂಗಿಯ ಮೇಲೆ ಇಟ್ಟು ಮೂರು ಹೆಜ್ಜೆ ಹಿಂದೆ ನಿಂತು ನೋಡಿ. ಪರದೆಯ ಮೇಲೆ ಹದವಾಗಿ ಕಂಡ ವಿನ್ಯಾಸ ಎದೆ ತುಂಬಾ ಹರಡಿಕೊಂಡಿರುವುದು, ಕೆಳಗಿನ ಸಣ್ಣ ಸಾಲು ಓದಲಿಕ್ಕೇ ಆಗದಿರುವುದು ಆಗ ತಿಳಿಯುತ್ತದೆ. ಬಹಳಷ್ಟು ಘಟಕಗಳಲ್ಲಿ ಎಸ್ ಅಳತೆಯ ಅಂಗಿಗೂ 3ಎಕ್ಸ್‌ಎಲ್‌ಗೂ ಒಂದೇ ಅಳತೆಯ ಅಚ್ಚು ಬೀಳುತ್ತದೆ ಎಂಬುದನ್ನೂ ಮರೆಯಬೇಡಿ. ಪೂರ್ತಿ 12 ಇಂಚು ಬಳಸಿದ ವಿನ್ಯಾಸ ಸಣ್ಣ ಅಂಗಿಯಲ್ಲಿ ಕಂಕುಳಿನ ಹತ್ತಿರದವರೆಗೆ ಹೋಗುತ್ತದೆ. 10 ಇಂಚಿನ ಆಸುಪಾಸು ಎರಡಕ್ಕೂ ಒಪ್ಪುತ್ತದೆ.

ಜಾಗದ ತಪ್ಪಂತೂ ಅತಿ ಸಾಮಾನ್ಯ. ಅಪ್‌ಲೋಡ್ ಮಾಡುವ ಪುಟದಲ್ಲಿ 'ಮಧ್ಯಕ್ಕೆ ತರು' ಎಂಬ ಗುಂಡಿ ಒತ್ತಿದರೆ ಅಡ್ಡಕ್ಕೂ ಉದ್ದಕ್ಕೂ ನಡುವಿಗೆ ಬರುತ್ತದೆ. ಮುದ್ರಣ ಜಾಗದ ನಡು ಎಂದರೆ ತೊಟ್ಟವರ ಹೊಟ್ಟೆ. ಅಡ್ಡಕ್ಕೆ ಮಾತ್ರ ಮಧ್ಯಕ್ಕೆ ತನ್ನಿ. ವಿನ್ಯಾಸದ ಮೇಲಂಚು ಕಾಲರ್‌ನಿಂದ ಸುಮಾರು 3 ಇಂಚು ಕೆಳಗಿರಲಿ. ಫೈಲ್‌ನ ಮೇಲ್ಭಾಗದಲ್ಲಿ ಖಾಲಿ ಪಾರದರ್ಶಕ ಪಟ್ಟಿ ಉಳಿದಿದ್ದರೆ ಯಂತ್ರ ಅದನ್ನೂ ವಿನ್ಯಾಸವೆಂದೇ ಎಣಿಸುತ್ತದೆ, ಆದ್ದರಿಂದ ಹೊರತೆಗೆಯುವ ಮೊದಲು ಅಂಚು ಕತ್ತರಿಸಿ. ತಲೆಗವಸು ಇರುವ ಹೂಡಿ (hoodie) ಅಂಗಿಯಲ್ಲಿ ಮುಂದಿನ ಜೇಬು ಕೆಳಗಿನ ಜಾಗವನ್ನು ತಿನ್ನುತ್ತದೆ, ದಾರ ಮೇಲಿನ ಸಾಲಿನ ಮೇಲೆ ಜೋತುಬೀಳುತ್ತದೆ. ಟೀಶರ್ಟ್‌ಗೆ ಮಾಡಿದ ಎತ್ತರದ ವಿನ್ಯಾಸವನ್ನು ಅಲ್ಲಿಗೆ ಹಾಗೇ ಹಾಕಬೇಡಿ.

ಕಣ್ಣಿಗೆ ಕಾಣದ ಅರೆಪಾರದರ್ಶಕ ಪಿಕ್ಸೆಲ್‌ಗಳು

ಕಪ್ಪು ಟೀಶರ್ಟ್‌ನ ಮೇಲೆ ಅಕ್ಷರಗಳ ಸುತ್ತ ಕೊಳಕು ಬಿಳಿ ಗೆರೆ, ನೆರಳಿನ ಜಾಗದಲ್ಲಿ ಹಿಟ್ಟು ಚೆಲ್ಲಿದಂತಹ ಕಲೆ ಬಂದರೆ ಹೆಚ್ಚಿನವರು ಬೈಯುವುದು ಮುದ್ರಣ ಘಟಕವನ್ನು. ತಪ್ಪು ಬಹುತೇಕ ಫೈಲ್‌ನದು.

ನೇರವಾಗಿ ಬಟ್ಟೆಯ ಮೇಲೆ ಇಂಕ್ ಸಿಂಪಡಿಸುವ ವಿಧಾನಕ್ಕೆ ಡಿಟಿಜಿ ಎನ್ನುತ್ತಾರೆ. ಗಾಢ ಬಣ್ಣದ ಬಟ್ಟೆಯಲ್ಲಿ ಬಣ್ಣ ಎದ್ದು ಕಾಣಬೇಕಾದರೆ ಕೆಳಗೆ ಬಿಳಿ ಬೇಕು. ಅದಕ್ಕಾಗಿ ಯಂತ್ರ ಮೊದಲು ಬಿಳಿ ಇಂಕ್‌ನ ಪದರ ಹಾಕಿ ಅದರ ಮೇಲೆ ಬಣ್ಣ ಬಿಡುತ್ತದೆ. ನಿಮ್ಮ ಪಿಕ್ಸೆಲ್ ನೂರಕ್ಕೆ ಮೂವತ್ತರಷ್ಟೇ ಕಾಣುವಂತಿದ್ದರೂ ಅದರಡಿ ಬಿಳಿ ಬೀಳುತ್ತದೆ. ಮೇಲಿನ ಬಣ್ಣ ತೆಳು, ಅಡಿಯ ಬಿಳಿ ಮಾತ್ರ ಎದ್ದು ಕಾಣುತ್ತದೆ. ಪರದೆಯ ಮೇಲೆ ಮೆತ್ತಗೆ ಕರಗಿದಂತಿದ್ದ ನೆರಳು, ಹೊಗೆ, ಹೊಳಪಿನ ವರ್ತುಲ ಎಲ್ಲವೂ ಬಟ್ಟೆಯ ಮೇಲೆ ಬೂದು-ಬಿಳಿ ಮಚ್ಚೆಯಾಗುತ್ತವೆ. ಹಿನ್ನೆಲೆ ತೆಗೆಯುವ ಆನ್‌ಲೈನ್ ಉಪಕರಣಗಳು ಅಂಚಿನಲ್ಲಿ ಇಂತಹ ಪಿಕ್ಸೆಲ್‌ಗಳನ್ನು ಉಳಿಸಿಬಿಡುವುದು ಮಾಮೂಲು, ಬಿಳಿ ಪರದೆಯ ಮೇಲೆ ಅವು ಕಾಣುವುದಿಲ್ಲ.

ಹಿಡಿಯುವ ದಾರಿ ಹೀಗಿದೆ. ಪಾರದರ್ಶಕ ಹಿನ್ನೆಲೆ ಉಳಿಸಿಕೊಳ್ಳುವ ಪಿಎನ್‌ಜಿ ಫೈಲ್ ತೆರೆದು, ಅದರ ಕೆಳಗೆ ಹೊಸ ಪದರ ಸೇರಿಸಿ, ವಿನ್ಯಾಸದಲ್ಲಿ ಎಲ್ಲೂ ಇಲ್ಲದ ಕಣ್ಣು ಕುಕ್ಕುವ ಬಣ್ಣ ತುಂಬಿ. ಗುಲಾಬಿ-ನೇರಳೆ ಅಥವಾ ಗಿಳಿಹಸಿರು ಆಗಬಹುದು. 200%ಗೆ ಹಿಗ್ಗಿಸಿ ಒಂದು ಮೂಲೆಯಿಂದ ಹೊರಟು ಪ್ರತಿಯೊಂದು ಅಂಚನ್ನೂ ನೋಡುತ್ತಾ ಹೋಗಿ. ಬಣ್ಣಗೆಟ್ಟ ಅಂಚು, ಖಾಲಿ ಜಾಗದಲ್ಲಿ ಒಂಟಿ ಚುಕ್ಕೆ, ಅಳಿಸಿಹೋಗಿದೆ ಎಂದುಕೊಂಡಿದ್ದ ಹಳೆಯ ಕುಂಚದ ಗುರುತು ಎಲ್ಲವೂ ಅಲ್ಲಿ ಹೊರಬೀಳುತ್ತವೆ. ಪ್ರತಿ ಪಿಕ್ಸೆಲ್ ಪೂರ್ತಿ ಇರಬೇಕು ಇಲ್ಲವೇ ಪೂರ್ತಿ ಹೋಗಿರಬೇಕು, ನಡುವಿನದು ಬೇಡ. ನೆರಳು ಬೇಕೇ ಬೇಕೆಂದರೆ ಅದನ್ನು ಹಾಫ್‌ಟೋನ್ ಚುಕ್ಕೆಗಳಾಗಿ ಬದಲಿಸಿ: ಚುಕ್ಕೆಗಳೆಲ್ಲ ಪೂರ್ಣ ಬಣ್ಣದವು, ದಟ್ಟಣೆಯಿಂದ ನೆರಳಿನ ಭಾವ ಬರುತ್ತದೆ. ಆಮೇಲೆ ಅದೇ ಕೆಳಪದರಕ್ಕೆ ನೀವು ಮಾರಲಿರುವ ಪ್ರತಿ ಅಂಗಿಯ ಬಣ್ಣ ತುಂಬಿ ನೋಡಿ. ಕಪ್ಪು ಅಕ್ಷರ ಕಡುನೀಲಿ ಬಟ್ಟೆಯಲ್ಲಿ ಮುಳುಗಿಹೋಗುವುದು ಇಲ್ಲಿ ಗೊತ್ತಾಗುತ್ತದೆ.

ಜೆಪಿಇಜಿಗೆ ಪಾರದರ್ಶಕತೆಯೇ ಇಲ್ಲ. ಅದರಲ್ಲಿ ಉಳಿಸಿದರೆ ವಿನ್ಯಾಸದ ಸುತ್ತ ಬಿಳಿ ಚೌಕ ಸಮೇತ ಅಚ್ಚಾಗುತ್ತದೆ. ಕಪ್ಪು ಅಂಗಿಗೆ ಮಾಡಿದ ವಿನ್ಯಾಸದಲ್ಲಿರುವ ಕಪ್ಪು ಭಾಗಗಳನ್ನು ತೆಗೆದುಬಿಡಿ, ಆ ಕೆಲಸವನ್ನು ಬಟ್ಟೆಯೇ ಮಾಡಲಿ. ಕಪ್ಪು ಬಟ್ಟೆಯ ಮೇಲೆ ಕಪ್ಪು ಇಂಕ್ ಬಿದ್ದರೆ ಬೇರೆ ಹೊಳಪಿನ ಗಟ್ಟಿ ಚೌಕ ಕಾಣುತ್ತದೆ, ಬೆವರಿದಾಗ ಮೈಗೆ ಅಂಟುತ್ತದೆ.

ಪರದೆಯ ಬಣ್ಣ ಬೇರೆ, ಬಟ್ಟೆಯ ಬಣ್ಣ ಬೇರೆ

ಪರದೆ ಬೆಳಕು ಚೆಲ್ಲುತ್ತದೆ, ಇಂಕ್ ಬೆಳಕನ್ನು ಹೀರುತ್ತದೆ. ಮಿಂಚುವ ಗಿಳಿಹಸಿರು, ನಿಯಾನ್ ಗುಲಾಬಿ ಮಾಮೂಲಿ ಇಂಕ್‌ಗಳಿಗೆ ಎಟುಕುವುದಿಲ್ಲ, ಮಂಕಾಗಿ ಬರುತ್ತವೆ. ಅಚ್ಚ ನೀಲಿ ನೇರಳೆಯ ಕಡೆ ವಾಲುತ್ತದೆ. ಫೈಲ್ ಅನ್ನು ಘಟಕ ಕೇಳಿದ ಬಣ್ಣದ ಪ್ರೊಫೈಲ್‌ನಲ್ಲೇ ಕೊಡಿ, ಬಹುತೇಕ ಕಡೆ ಅದು ಪರದೆಗಳು ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ. ಆದರೆ ವಿನ್ಯಾಸ ಮಾಡುವಾಗ ಮುದ್ರಣದ ಬಣ್ಣ ಹೇಗಿರುತ್ತದೆಂಬ ಮುನ್ನೋಟ ಹಾಕಿಕೊಂಡು ನೋಡಿ, ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ. ನಿಯಾನ್‌ನ ಮೋಹವನ್ನೇ ನೆಚ್ಚಿದ ವಿನ್ಯಾಸವಾದರೆ ಅದನ್ನು ಕೈಬಿಡುವುದು ಒಳ್ಳೆಯದು. ಕೊಂಡವರು ಹೋಲಿಸುವುದು ನಿಮ್ಮ ಪುಟದಲ್ಲಿ ಕಂಡ ಬಣ್ಣದೊಂದಿಗೆ.

ಹೀದರ್ ಎಂದು ಹೆಸರಿರುವ ಬಟ್ಟೆಗಳಲ್ಲಿ ಸಾಮಾನ್ಯವಾಗಿ ಹತ್ತಿಯ ಜೊತೆ ಪಾಲಿಯೆಸ್ಟರ್ ಬೆರೆತಿರುತ್ತದೆ. ಅಲ್ಲಿ ಡಿಟಿಜಿ ಅಚ್ಚು ಶುದ್ಧ ಹತ್ತಿಯಷ್ಟು ಗಾಢವಾಗಿ ಬರುವುದಿಲ್ಲ, ಸ್ವಲ್ಪ ಹಳತಾದಂತೆ ಕಾಣುತ್ತದೆ. ಹಳೆಯ ಶೈಲಿಯ ಚಿತ್ರಕ್ಕೆ ಅದು ಚೆಂದ, ಕಡುಬಣ್ಣದ ಲಾಂಛನಕ್ಕೆ ಒಪ್ಪದು. ಹೊಲಿದ ಮೇಲೆ ಬಣ್ಣ ಹಾಕುವ ಕಂಫರ್ಟ್ ಕಲರ್ಸ್ 1717ರಂತಹ ಅಂಗಿಗಳಲ್ಲಿ ಒಂದು ಕಂತಿನಿಂದ ಇನ್ನೊಂದಕ್ಕೆ ಛಾಯೆ ಬದಲಾಗುತ್ತದೆ. ಇದು ದೋಷವಲ್ಲ, ಬಟ್ಟೆಯ ಗುಣ. ಪುಟದಲ್ಲಿ ಒಂದು ಸಾಲು ಬರೆದಿಟ್ಟರೆ ಅರ್ಧ ದೂರುಗಳು ಬರುವುದೇ ಇಲ್ಲ.

ಯಾವ ಮಾಲಿಗೆ ಯಾವ ಅಚ್ಚು

ಮುದ್ರಣ ವಿಧಾನ ತಿಳಿಯದೆ ಒಂದೇ ಚಿತ್ರವನ್ನು ಅಂಗಡಿಯ ಎಲ್ಲ ಮಾಲಿಗೂ ಮೆತ್ತುವುದು ಹೊಸಬರ ದೊಡ್ಡ ಆಸೆ. ಸಬ್ಲಿಮೇಷನ್‌ನಲ್ಲಿ ಬಣ್ಣ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅನಿಲವಾಗಿ ಪಾಲಿಯೆಸ್ಟರ್ ಎಳೆಯ ಒಳಗೇ ಸೇರುತ್ತದೆ. ಹಾಗಾಗಿ ಒಗೆದರೂ ಹೋಗುವುದಿಲ್ಲ, ಆದರೆ ಹತ್ತಿಗೆ ಹಿಡಿಯುವುದಿಲ್ಲ, ಕಪ್ಪು ಬಟ್ಟೆಯ ಮೇಲೆ ಕಾಣುವುದಿಲ್ಲ, ಬಿಳಿ ಬಣ್ಣವನ್ನು ಅಚ್ಚು ಹಾಕಲು ಬರುವುದಿಲ್ಲ. ಹೊಲಿದ ಅಂಗಿಗೆ ಪೂರ್ತಿ ಸಬ್ಲಿಮೇಷನ್ ಮಾಡಿದರೆ ಕಂಕುಳು ಮತ್ತು ಹೊಲಿಗೆಯ ಮಡಿಕೆಗಳಲ್ಲಿ ಬಣ್ಣ ತಲುಪದೆ ಬಿಳಿ ಗೆರೆ ಉಳಿಯುತ್ತದೆ. ಮೊದಲು ಅಚ್ಚು ಹಾಕಿ ಆಮೇಲೆ ಕತ್ತರಿಸಿ ಹೊಲಿಯುವ ಮಾಲಿಗೆ ಈ ತೊಂದರೆ ಇಲ್ಲ, ಬೆಲೆ ಹೆಚ್ಚು.

ಡಿಟಿಎಫ್ ಎಂದರೆ ಫಿಲ್ಮ್ ಮೇಲೆ ಅಚ್ಚು ಹಾಕಿ ಶಾಖದಿಂದ ಬಟ್ಟೆಗೆ ಒತ್ತುವುದು. ಹತ್ತಿ, ಪಾಲಿಯೆಸ್ಟರ್ ಎರಡಕ್ಕೂ ಆಗುತ್ತದೆ, ಬಣ್ಣ ಗಾಢ. ಆದರೆ ದೊಡ್ಡ ಗಟ್ಟಿ ಚೌಕ ಹಾಕಿದರೆ ಎದೆಯ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದಂತಾಗಿ ಗಾಳಿಯಾಡುವುದಿಲ್ಲ. ವಿನ್ಯಾಸದ ನಡುನಡುವೆ ಬಟ್ಟೆ ಕಾಣುವಂತೆ ಖಾಲಿ ಜಾಗ ಬಿಡಿ. ಟೋಪಿಯ ಮೇಲಿನ ಎಂಬ್ರಾಯ್ಡರಿ ಇನ್ನೊಂದು ಲೋಕ: ಸೂಜಿ ದಾರದಿಂದ ಬಣ್ಣ ಮೆಲ್ಲಗೆ ಕರಗುವ ಚಿತ್ರ ಬರುವುದಿಲ್ಲ, 6 ಮಿಲಿಮೀಟರ್‌ಗಿಂತ ಗಿಡ್ಡ ಅಕ್ಷರ ದಾರದ ಮುದ್ದೆಯಾಗುತ್ತದೆ, 1.3 ಮಿಲಿಮೀಟರ್‌ಗಿಂತ ತೆಳು ಗೆರೆ ನಿಲ್ಲುವುದಿಲ್ಲ.

ಪೋಸ್ಟರ್‌ನಲ್ಲಿ ಎಡವುವುದು ಅನುಪಾತದಲ್ಲಿ. 24 × 36 ಇಂಚು ಎಂದರೆ 2:3, 18 × 24 ಎಂದರೆ 3:4, 16 × 20 ಎಂದರೆ 4:5, ಎ3 ಎ4 ಕುಟುಂಬ 1:1.414. 2:3ರ ಚಿತ್ರವನ್ನು 16 × 20ರ ಪೋಸ್ಟರ್‌ಗೆ ಹಾಕಿದರೆ 16 ಇಂಚು ಅಗಲಕ್ಕೆ ಎತ್ತರ 24 ಆಗುತ್ತದೆ, 4 ಇಂಚು ಎಲ್ಲಿಂದಲಾದರೂ ಕತ್ತರಿಸಿಹೋಗಲೇಬೇಕು. ಹೋಗುವುದು ಸಾಮಾನ್ಯವಾಗಿ ಮೇಲಿನ ಶೀರ್ಷಿಕೆ. ಪ್ರತಿ ಅನುಪಾತಕ್ಕೂ ಬೇರೆ ಫೈಲ್ ಮಾಡಿ. ಅಂಚಿನ ಹೊರಗೆ ಘಟಕ ಹೇಳಿದಷ್ಟು, ಸಾಮಾನ್ಯವಾಗಿ 3 ಮಿಲಿಮೀಟರ್, ಬಣ್ಣ ಹರಿಯಬಿಡಿ. ಅಕ್ಷರಗಳನ್ನು ಅಂಚಿನಿಂದ ಒಳಗೆ ಇಡಿ.

11 ಔನ್ಸ್ ಮಗ್‌ನ ಸುತ್ತುವ ಜಾಗ ಸುಮಾರು 9 × 3.5 ಇಂಚು, ಅಂದರೆ 2700 × 1050 ಪಿಕ್ಸೆಲ್. ಆ ಪಟ್ಟಿಯ ನಡುವಿಗೆ ಚಿತ್ರ ಇಟ್ಟರೆ ಅದು ಹಿಡಿಯ ನೇರ ಎದುರು ಬೀಳುತ್ತದೆ: ಕುಡಿಯುವವರಿಗೂ ಪೂರ್ತಿ ಕಾಣದು, ಪಕ್ಕದಲ್ಲಿ ಕೂತವರಿಗೂ ಕಾಣದು. ಎಡಕ್ಕೊಂದು ಬಲಕ್ಕೊಂದು ಹಾಕಿ.

ಇನ್ನೊಬ್ಬರ ಹಕ್ಕಿನ ಮೇಲೆ ಕಾಲಿಡಬೇಡಿ

ಉಳಿದ ತಪ್ಪುಗಳು ಆರ್ಡರ್ ಕಳೆಯುತ್ತವೆ, ಇದು ಅಂಗಡಿಯನ್ನೇ ಮುಚ್ಚಿಸುತ್ತದೆ. ಕಾರ್ಟೂನ್ ಪಾತ್ರ, ಸಿನಿಮಾ ಸಂಭಾಷಣೆ, ಕ್ರೀಡಾ ತಂಡದ ಲಾಂಛನ, ನಟರ ಮುಖ ಇವನ್ನೆಲ್ಲ ಹೊಸಬರು 'ಎಲ್ಲರೂ ಮಾರುತ್ತಿದ್ದಾರಲ್ಲ' ಎಂದು ಹಾಕುತ್ತಾರೆ. ಸಿಕ್ಕಿಬೀಳದವರು ಕಾಣುತ್ತಾರೆ, ಖಾತೆ ಕಳೆದುಕೊಂಡವರು ಕಾಣುವುದಿಲ್ಲ. ಚಿತ್ರವನ್ನು 30% ಬದಲಿಸಿದರೆ ಸಾಕು ಎಂಬ ಮಾತು ಎಲ್ಲೆಡೆ ಹರಿದಾಡುತ್ತದೆ. ಅಂತಹ ಕಾನೂನೇ ಇಲ್ಲ.

ಇನ್ನೂ ಗಮನಿಸಬೇಕಾದ್ದು ಟ್ರೇಡ್‌ಮಾರ್ಕ್. ದಿನಬಳಕೆಯ ಎರಡು ಮೂರು ಪದಗಳ ಮಾತನ್ನೂ ಯಾರಾದರೂ ಬಟ್ಟೆಯ ವರ್ಗದಲ್ಲಿ ನೋಂದಾಯಿಸಿಕೊಂಡಿರಬಹುದು. ವಿನ್ಯಾಸಕ್ಕೆ ಕೈಹಾಕುವ ಮೊದಲೇ ಆ ಮಾತನ್ನು ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿ ಯುಎಸ್‌ಪಿಟಿಒ, ಐರೋಪ್ಯ ಒಕ್ಕೂಟದ ಅಂತಹದೇ ಕಚೇರಿ ಇಯುಐಪಿಒ, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ವೈಪೊದ ಗ್ಲೋಬಲ್ ಬ್ರಾಂಡ್ ಡೇಟಾಬೇಸ್ ಈ ಮೂರರಲ್ಲೂ ಹುಡುಕಿ. ಮೂರೂ ಉಚಿತ. ಫಲಿತಾಂಶದಲ್ಲಿ ವರ್ಗದ ಸಂಖ್ಯೆ ನೋಡಿ: ಬಟ್ಟೆ 25, ಮಗ್ 21, ಪೋಸ್ಟರ್ ಮತ್ತು ಕಾಗದದ ಮಾಲು 16, ಫೋನ್ ಕವಚ 9. ನೋಂದಣಿ ಇನ್ನೂ ಜಾರಿಯಲ್ಲಿದೆಯೇ, ಅರ್ಜಿ ಬಾಕಿ ಇದೆಯೇ ಎಂಬುದನ್ನೂ ಓದಿ. ಕಾಗುಣಿತ ಬದಲಿಸಿ ಎರಡು ಸಲ ಹುಡುಕಿ. ವಿನ್ಯಾಸದಲ್ಲಿ ಇಲ್ಲದಿದ್ದರೂ ಶೀರ್ಷಿಕೆ, ಟ್ಯಾಗ್, ವಿವರಣೆಯಲ್ಲಿ ಇನ್ನೊಬ್ಬರ ಬ್ರಾಂಡ್ ಹೆಸರು ತುರುಕಿದರೂ ದೂರು ಬರುತ್ತದೆ.

ಅಕ್ಷರಶೈಲಿಯ ಪರವಾನಗಿ ಓದದೆ ಬಳಸುವುದೂ ಇದೇ ಸಾಲಿನದು. ಉಚಿತವಾಗಿ ಇಳಿಸಿಕೊಂಡ ಫಾಂಟ್‌ಗಳಲ್ಲಿ ಅನೇಕವು ಸ್ವಂತ ಬಳಕೆಗೆ ಮಾತ್ರ. ಕ್ಯಾನ್ವಾದಂತಹ ಕಡೆ ಸಿಗುವ ಚಿತ್ರವನ್ನು ಏನೂ ಬದಲಿಸದೆ ಒಂಟಿಯಾಗಿ ಅಂಗಿಯ ಮೇಲೆ ಹಾಕಿ ಮಾರಲು ಅವರ ನಿಯಮ ಬಿಡುವುದಿಲ್ಲ. ಪೂರ್ತಿ ಎಐ ಬರೆದ ಚಿತ್ರಕ್ಕೆ ಅಮೆರಿಕದ ಕಾಪಿರೈಟ್ ಕಚೇರಿ ಹಕ್ಕು ನೋಂದಾಯಿಸುವುದಿಲ್ಲ. ಅಂದರೆ ಅದನ್ನು ಯಾರಾದರೂ ನಕಲು ಮಾಡಿದರೆ ತಡೆಯುವ ದಾರಿ ನಿಮಗೂ ಕಷ್ಟ. ಪ್ರತಿ ವಿನ್ಯಾಸಕ್ಕೂ ಒಂದು ಫೋಲ್ಡರ್ ಇಡಿ. ಪದರಗಳಿರುವ ಮೂಲ ಫೈಲ್, ಫಾಂಟ್ ಪರವಾನಗಿ, ಖರೀದಿ ರಸೀದಿ, ಟ್ರೇಡ್‌ಮಾರ್ಕ್ ಹುಡುಕಿದ ದಿನದ ಪರದೆಚಿತ್ರ ಎಲ್ಲವೂ ಅದರಲ್ಲಿರಲಿ. ತಪ್ಪು ದೂರು ಬಂದಾಗ ಉತ್ತರ ಕೊಡಲು ಸಿಗುವ ಸಮಯ ಕಡಿಮೆ, ಆಗ ಹುಡುಕಾಡುತ್ತಾ ಕೂರಲಾಗದು.

ಬೆಲೆ: ಗುಣಿಸಬೇಡಿ, ಭಾಗಿಸಿ

ನಾಣ್ಯದ ಹೆಸರಿಲ್ಲದೆ ಬರೀ ಅಂಕಿಯಲ್ಲಿ ನೋಡೋಣ. ಮಾಲು ಮತ್ತು ಮುದ್ರಣಕ್ಕೆ 50, ಸಾಗಣೆಗೆ 15, ಪ್ರತಿ ಆರ್ಡರ್‌ನ ನಿಗದಿತ ಶುಲ್ಕ 2, ಒಟ್ಟು ಅಸಲು 67. ನಿಮಗೆ 18 ಲಾಭ ಬೇಕು, ಅಲ್ಲಿಗೆ 85. ಮಾರಾಟ ತಾಣದ ಕಮಿಷನ್, ಪಾವತಿ ಶುಲ್ಕ, ಜಾಹೀರಾತು ಸೇರಿ ಮಾರಾಟ ಬೆಲೆಯ 25% ಹೋಗುತ್ತದೆ ಎಂದಿಟ್ಟುಕೊಳ್ಳಿ. ಹೊಸಬರು 85ಕ್ಕೆ 25% ಸೇರಿಸಿ 106.25 ಎಂದು ಬೆಲೆ ಹಾಕುತ್ತಾರೆ. ಆದರೆ ಶುಲ್ಕ ಕತ್ತರಿಸುವುದು 106.25ರ ಮೇಲೆ: 26.56 ಹೋಗಿ 79.69 ಉಳಿಯುತ್ತದೆ, ಅಸಲು ಕಳೆದರೆ ಲಾಭ 12.69. ಬಯಸಿದ ಲಾಭದಲ್ಲಿ ಸುಮಾರು 30% ಗೊತ್ತೇ ಆಗದಂತೆ ಸೋರಿಹೋಯಿತು. ಸರಿಯಾದ ದಾರಿ 85ನ್ನು 0.75ರಿಂದ ಭಾಗಿಸುವುದು, ಬರುವ ಬೆಲೆ 113.33.

ಈಗ ಈ ಬೆಲೆಗೆ 20% ರಿಯಾಯಿತಿ ಘೋಷಿಸಿ ನೋಡಿ. 90.67ಕ್ಕೆ ಮಾರಾಟ, 25% ಶುಲ್ಕ ಹೋಗಿ 68, ಅಸಲು 67. ಉಳಿದದ್ದು 1. ರಿಯಾಯಿತಿ ಕೊಡುವ ಯೋಚನೆ ಇದ್ದರೆ ಅದನ್ನು ಮೊದಲ ಬೆಲೆಯಲ್ಲೇ ಸೇರಿಸಬೇಕು: 113.33ನ್ನು 0.8ರಿಂದ ಭಾಗಿಸಿದರೆ 141.67. ಆ ಬೆಲೆಗೆ ಯಾರೂ ಕೊಳ್ಳುವುದಿಲ್ಲ ಅನ್ನಿಸಿದರೆ ಆ ಮಾಲು ನಿಮಗೆ ಒಪ್ಪುವುದಿಲ್ಲ, ಬೇರೆ ಅಂಗಿ ಅಥವಾ ಬೇರೆ ಘಟಕ ನೋಡಿ. ಲಾಭವನ್ನು ಇನ್ನಷ್ಟು ಹಿಂಡುವುದು ದಾರಿಯಲ್ಲ.

ಆನ್‌ಲೈನ್ ಮಾರಾಟ ತಾಣವಾದ ಎಟ್ಸಿಯಲ್ಲಿ ಒಂದು ಪಟ್ಟಿಗೆ, ಅಂದರೆ ಮಾರಾಟಕ್ಕಿಟ್ಟ ಒಂದು ಮಾಲಿನ ಪುಟಕ್ಕೆ, 0.20 ಡಾಲರ್, ಅದು ನಾಲ್ಕು ತಿಂಗಳು ಬಾಳುತ್ತದೆ. ಒಂದು ಮಾರಾಟವಾದರೆ ಅದೇ ಶುಲ್ಕ ಮತ್ತೆ ಹೊಸದಾಗಿ ಬೀಳುತ್ತದೆ. ವಹಿವಾಟು ಶುಲ್ಕ 6.5%, ನೀವು ಸಾಗಣೆಗೆಂದು ಪಡೆದ ಹಣದ ಮೇಲೂ ಇದು ಅನ್ವಯ. ಪಾವತಿ ಶುಲ್ಕ ಬೇರೆ. ತಾಣದ ಹೊರಗೆ ಅವರು ಹಾಕುವ ಜಾಹೀರಾತಿನಿಂದ ಮಾರಾಟವಾದರೆ 15%. ವರ್ಷದ ಮಾರಾಟ 10,000 ಡಾಲರ್ ದಾಟದ ಅಂಗಡಿಗಳು ಇದರಿಂದ ಹೊರಗುಳಿಯಬಹುದು. ದಾಟಿದವರಿಗೆ ದರ 12%, ಬೇಡವೆನ್ನುವಂತಿಲ್ಲ. ಮೊದಲ ದಿನವೇ ಈ ಆಯ್ಕೆಯನ್ನು ತೆರೆದು ನೋಡಿ.

2ಎಕ್ಸ್‌ಎಲ್ ಮತ್ತು ಮೇಲಿನ ಅಳತೆಗಳಿಗೆ ಘಟಕ ಹೆಚ್ಚು ಹಣ ಕೇಳುತ್ತದೆ, ಎಲ್ಲಕ್ಕೂ ಒಂದೇ ಬೆಲೆ ಹಾಕಿದರೆ ದೊಡ್ಡ ಅಳತೆಯಲ್ಲಿ ಕೈಯಿಂದ ಹೋಗುತ್ತದೆ. ಇನ್ನೊಂದು ಮಾತು ಹಣದ ಓಡಾಟದ ಬಗ್ಗೆ. ಘಟಕ ಆರ್ಡರ್ ಬಂದ ಕೂಡಲೇ ನಿಮ್ಮ ಕಾರ್ಡ್‌ನಿಂದ ದುಡ್ಡು ಕತ್ತರಿಸುತ್ತದೆ. ಮಾರಾಟ ತಾಣ ನಿಮಗೆ ಕೊಡುವುದು ದಿನಗಳ ಮೇಲೆ, ಹೊಸ ಅಂಗಡಿಯಾದರೆ ಇನ್ನೂ ತಡ. ಕಾರ್ಡ್‌ನಲ್ಲಿ ಹಣವಿಲ್ಲದಿದ್ದರೆ ಆರ್ಡರ್ ಅಲ್ಲೇ ನಿಂತುಬಿಡುತ್ತದೆ. ಹತ್ತು ಆರ್ಡರ್‌ಗೆ ಸಾಕಾಗುವಷ್ಟು ಅಸಲನ್ನು ಬೇರೆ ಇಟ್ಟುಕೊಂಡೇ ಅಂಗಡಿ ತೆರೆಯಿರಿ.

ಸ್ಯಾಂಪಲ್ ತರಿಸದೆ ಮಾರಬೇಡಿ

ಅಂಗಡಿಯಲ್ಲಿ ಇಪ್ಪತ್ತು ವಿನ್ಯಾಸ ಇದ್ದರೆ ಇಪ್ಪತ್ತೂ ತರಿಸಬೇಕಿಲ್ಲ. ಒಂದು ಬಗೆಯ ಅಂಗಿಗೆ ಎರಡು ಸಾಕು: ಒಂದು ಬಿಳಿ ಅಥವಾ ತಿಳಿ ಬಣ್ಣದ್ದು, ಒಂದು ಕಪ್ಪು. ಅತಿ ಸಣ್ಣ ಅಕ್ಷರ, ಅತಿ ತೆಳು ಗೆರೆ, ದೊಡ್ಡ ಬಣ್ಣದ ಹರವು ಇರುವ ವಿನ್ಯಾಸವನ್ನೇ ಆರಿಸಿ. ಸುಲಭದ್ದು ಸರಿಯಾಗಿ ಬಂದರೆ ಏನೂ ಕಲಿತಂತಾಗುವುದಿಲ್ಲ. ಬಂದ ದಿನ ಕಾಲರ್‌ನಿಂದ ಅಚ್ಚಿನವರೆಗೆ, ಎರಡೂ ಪಕ್ಕದ ಹೊಲಿಗೆಯಿಂದ ಅಚ್ಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ಬರೆದಿಡಿ. ಒಳಗೆ ಹೊರಗೆ ಮಾಡಿ, ತಣ್ಣೀರಿನಲ್ಲಿ ಐದು ಸಲ ಒಗೆದು ಒಣಗಿಸಿ ಮತ್ತೆ ಅಳೆಯಿರಿ: ಬಟ್ಟೆ ಎಷ್ಟು ಕುಗ್ಗಿತು, ಅಚ್ಚು ಎಲ್ಲಿ ಬಿರಿಯಿತು, ಬಣ್ಣ ಎಷ್ಟು ಇಳಿಯಿತು.

ಗಾಢ ಬಣ್ಣದ ಡಿಟಿಜಿ ಅಂಗಿ ಹೊಸತರಲ್ಲಿ ಅಚ್ಚಿನ ಸುತ್ತ ಚೌಕಾಕಾರದ ಮಸುಕು ಕಲೆ ತೋರಬಹುದು, ವಿನೆಗರ್‌ನಂತಹ ವಾಸನೆಯೂ ಇರಬಹುದು. ಇಂಕ್ ಹಿಡಿಯಲೆಂದು ಮೊದಲು ಸಿಂಪಡಿಸುವ ದ್ರಾವಣದ ಗುರುತು ಅದು, ಒಂದು ಒಗೆತಕ್ಕೆ ಹೋಗುತ್ತದೆ. ಇದನ್ನು ಪುಟದಲ್ಲಿ ಮೊದಲೇ ಹೇಳಿ. ಹೇಳದಿದ್ದರೆ ಕೊಂಡವರು ಕಲೆಯಾದ ಅಂಗಿ ಕಳಿಸಿದ್ದಾರೆಂದೇ ತಿಳಿಯುತ್ತಾರೆ, ಅವರದೂ ತಪ್ಪಲ್ಲ.

ಎರಡು ಘಟಕಗಳನ್ನು ಹೋಲಿಸುವಾಗ ಒಂದೇ ಫೈಲ್, ಒಂದೇ ಅಂಗಿ ಕೊಡಿ. ಒಂದು ಕಡೆ ಗಿಲ್ಡನ್ 5000, ಇನ್ನೊಂದು ಕಡೆ ಬೆಲ್ಲಾ+ಕ್ಯಾನ್ವಾಸ್ 3001 ತರಿಸಿದರೆ ನೀವು ಹೋಲಿಸಿದ್ದು ಬಟ್ಟೆಯನ್ನು. ಮೊದಲನೆಯದು ಚದರ ಗಜಕ್ಕೆ 5.3 ಔನ್ಸ್‌ನ ದಪ್ಪ ಅಂಗಿ, ಎರಡನೆಯದು 4.2 ಔನ್ಸ್‌ನ ತೆಳು, ಮೈಗೆ ಹತ್ತಿರವಾಗಿ ಕೂರುವಂಥದ್ದು.

ಪುಟದಲ್ಲಿ ತೋರಿಸುವುದು, ಬರೆಯುವುದು

ಘಟಕ ಕೊಡುವ ಮಾಕಪ್ ಚಿತ್ರವನ್ನು, ಅಂದರೆ ವಿನ್ಯಾಸವನ್ನು ಅಂಗಿಯ ಫೋಟೊ ಮೇಲೆ ಕೂರಿಸಿದ ಮಾದರಿ ಚಿತ್ರವನ್ನು, ಸಾವಿರಾರು ಅಂಗಡಿಗಳು ಬಳಸುತ್ತಿರುತ್ತವೆ. ಹೊರಗಿನಿಂದ ತಂದ ಸುಂದರ ಮಾಕಪ್‌ನಲ್ಲಿ ಇನ್ನೊಂದು ಅಪಾಯವಿದೆ: ಅದರಲ್ಲಿ ವಿನ್ಯಾಸವನ್ನು ಮುದ್ರಣ ಜಾಗಕ್ಕಿಂತ ದೊಡ್ಡದಾಗಿ, ಭುಜದವರೆಗೆ ಎಳೆದು ಕೂರಿಸಬಹುದು. ಬರುವ ಮಾಲು ಹಾಗಿರುವುದಿಲ್ಲ. ಮಾಕಪ್‌ನಲ್ಲಿರುವ ಅಂಗಿಯೂ ನೀವು ಮಾರುವ ಅಂಗಿಯೂ ಒಂದೇ ಮಾದರಿಯಾಗಿರಲಿ. ತರಿಸಿದ ಸ್ಯಾಂಪಲ್ ಅನ್ನು ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದು ಎರಡನೆಯ ಚಿತ್ರವಾಗಿ ಹಾಕಿ, ಅಚ್ಚಿನ ಸಮೀಪ ನೋಟವೂ ಒಂದಿರಲಿ.

ಅಳತೆಯ ಪಟ್ಟಿಯನ್ನು ಚಿತ್ರಗಳ ನಡುವೆಯೇ ಇಡಿ, ವಿವರಣೆಯ ತಳದಲ್ಲಿ ಯಾರೂ ಓದುವುದಿಲ್ಲ. ಅದರಲ್ಲಿರುವುದು ಅಂಗಿಯನ್ನು ಸಮವಾಗಿ ಹಾಸಿ ಅಳೆದ ಅಗಲ, ಎದೆಯ ಸುತ್ತಳತೆಯಲ್ಲ. ಈ ಒಂದು ಸಾಲು ಇಲ್ಲದ್ದರಿಂದ ಅಳತೆ ತಪ್ಪಿ ಎಷ್ಟೋ ಅಂಗಿಗಳು ಹಿಂದಕ್ಕೆ ಬರುತ್ತವೆ. 'ನಿಮ್ಮ ಬಳಿ ಇರುವ, ಮೈಗೆ ಒಪ್ಪುವ ಅಂಗಿಯನ್ನು ಹಾಸಿ ಕಂಕುಳಿಂದ ಕಂಕುಳಿಗೆ ಅಳೆದು ಹೋಲಿಸಿ' ಎಂದು ಬರೆಯಿರಿ.

ಬಣ್ಣ ಹದಿನೈದು ಕೊಡುವ ಆಸೆ ಬೇಡ. ವಿನ್ಯಾಸ ಚೆನ್ನಾಗಿ ಕಾಣುವ ನಾಲ್ಕೈದು ಸಾಕು. ಹೆಚ್ಚು ಬಣ್ಣ ಇಟ್ಟಷ್ಟೂ ಯಾವುದಾದರೊಂದು ಅಳತೆ ದಾಸ್ತಾನು ಮುಗಿದು ಆರ್ಡರ್ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಹೆಚ್ಚು.

ಎಟ್ಸಿಯಲ್ಲಿ ಒಂದು ಪಟ್ಟಿಗೆ 13 ಟ್ಯಾಗ್, ಒಂದೊಂದಕ್ಕೆ 20 ಅಕ್ಷರ. ಒಂಟಿ ಪದ ಹಾಕಿ ಜಾಗ ಹಾಳು ಮಾಡಬೇಡಿ. ಕೊಳ್ಳುವವರು ಹುಡುಕುವ ಎರಡು ಮೂರು ಪದಗಳ ಜೋಡಿ ಹಾಕಿ: ಯಾರಿಗೆ, ಯಾವ ಸಂದರ್ಭಕ್ಕೆ, ಯಾವ ಮಾಲು. ಮುದ್ರಣ ಬೇರೆಯವರಿಂದ ಆಗುತ್ತದೆ ಎಂಬುದನ್ನು ಅಲ್ಲಿ ಉತ್ಪಾದನಾ ಪಾಲುದಾರರ ಜಾಗದಲ್ಲಿ ತಿಳಿಸುವುದು ಕಡ್ಡಾಯ. ಐರೋಪ್ಯ ಒಕ್ಕೂಟಕ್ಕೆ ಮಾರುವವರಿಗೆ 2024ರ ಡಿಸೆಂಬರ್ 13ರಿಂದ ಉತ್ಪನ್ನ ಸುರಕ್ಷತೆಯ ಹೊಸ ನಿಯಮ ಜಾರಿಯಲ್ಲಿದೆ: ತಯಾರಕರ ಮತ್ತು ಅವರು ಒಕ್ಕೂಟದ ಹೊರಗಿನವರಾದರೆ ಒಕ್ಕೂಟದೊಳಗಿನ ಹೊಣೆಗಾರರ ಹೆಸರು, ವಿಳಾಸ ಪುಟದಲ್ಲಿರಬೇಕು. ಆ ವಿವರವನ್ನು ಘಟಕದಿಂದಲೇ ಕೇಳಿ ಪಡೆಯಿರಿ.

ಸಾಗಣೆ ಮತ್ತು ವಾಪಸಾತಿ

ತಲುಪುವ ದಿನ ಎಂದರೆ ತಯಾರಿಯ ದಿನ ಮತ್ತು ಸಾಗಣೆಯ ದಿನ ಎರಡೂ ಸೇರಿ. ಹೊಸಬರು ಸಾಗಣೆಯದ್ದನ್ನು ಮಾತ್ರ ಬರೆಯುತ್ತಾರೆ. ತಯಾರಿಗೆ ಕೆಲಸದ ದಿನ 5, ಸಾಗಣೆಗೆ 5 ಎಂದರೆ ನಡುವೆ ವಾರಾಂತ್ಯ ಸೇರಿ ಎರಡು ವಾರವೇ ಆಗುತ್ತದೆ. ಹಬ್ಬದ ಸಮಯದಲ್ಲಿ ಘಟಕ ಪ್ರಕಟಿಸುವ ಕೊನೆಯ ದಿನಾಂಕಕ್ಕಿಂತ ನಾಲ್ಕೈದು ದಿನ ಮೊದಲೇ ನಿಮ್ಮ ಪುಟದಲ್ಲಿ ಕೊನೆಯ ದಿನ ಹಾಕಿ.

ಒಬ್ಬರೇ ಒಂದು ಅಂಗಿ ಮತ್ತು ಒಂದು ಮಗ್ ಕೊಂಡರೆ ಎರಡೂ ಬೇರೆ ಬೇರೆ ಘಟಕದಿಂದ, ಬೇರೆ ಪೊಟ್ಟಣದಲ್ಲಿ, ಬೇರೆ ದಿನ ಬರಬಹುದು. ಸಾಗಣೆ ಶುಲ್ಕವೂ ಎರಡು ಸಲ ಬೀಳುತ್ತದೆ. ಒಟ್ಟಿಗೆ ಕೊಂಡರೆ ಸಾಗಣೆ ಉಚಿತ ಎಂದು ಘೋಷಿಸುವ ಮೊದಲು ಯಾವ ಮಾಲು ಎಲ್ಲಿಂದ ಹೊರಡುತ್ತದೆ ಎಂದು ನೋಡಿಕೊಳ್ಳಿ. ಕೊಳ್ಳುವವರ ದೇಶದೊಳಗೇ ಮುದ್ರಿಸುವ ಘಟಕ ಸಿಕ್ಕರೆ ಮಾಲಿನ ಬೆಲೆ ತುಸು ಹೆಚ್ಚಾದರೂ ಅದನ್ನೇ ಆರಿಸಿ. ಬಾಗಿಲಿಗೆ ಬಂದವರು ಸುಂಕ ಕೇಳಿದಾಗ ಪೊಟ್ಟಣ ತಿರಸ್ಕರಿಸುವವರು ಬಹಳ, ಆ ನಷ್ಟ ಪೂರ್ತಿ ನಿಮ್ಮದು.

ವಾಪಸಾತಿಯ ನಿಯಮ ಬರೆಯುವ ಮೊದಲು ಘಟಕದ ನಿಯಮವನ್ನು ಸಾಲು ಸಾಲಾಗಿ ಓದಿ. ಅಚ್ಚು ಕೆಟ್ಟಿದ್ದರೆ, ಮಾಲು ಹರಿದಿದ್ದರೆ, ತಪ್ಪು ಮಾಲು ಬಂದಿದ್ದರೆ ಅವರು ಮತ್ತೆ ಕಳಿಸುತ್ತಾರೆ. ಪ್ರಿಂಟ್‌ಫುಲ್, ಪ್ರಿಂಟಿಫೈಯಂತಹ ಕಡೆ ತಲುಪಿದ 30 ದಿನದೊಳಗೆ ಫೋಟೊ ಸಮೇತ ದೂರು ಕೊಡಬೇಕು. ಅಳತೆ ಸರಿಹೋಗಲಿಲ್ಲ, ಮನಸ್ಸು ಬದಲಾಯಿತು ಎಂಬುದಕ್ಕೆ ಅವರು ಹಣ ಕೊಡುವುದಿಲ್ಲ. ಆದರೆ ಐರೋಪ್ಯ ಒಕ್ಕೂಟದಲ್ಲಿ ಆನ್‌ಲೈನ್‌ನಲ್ಲಿ ಕೊಂಡವರಿಗೆ 14 ದಿನದೊಳಗೆ ಕಾರಣ ಹೇಳದೆ ಹಿಂದಿರುಗಿಸುವ ಹಕ್ಕಿದೆ. ಕೊಂಡವರ ಹೆಸರು ಬರೆಸಿದಂತಹ, ಅವರಿಗೆಂದೇ ಮಾಡಿದ ಮಾಲಿಗೆ ಇದರಿಂದ ವಿನಾಯಿತಿ ಇದೆ. ಎಲ್ಲರಿಗೂ ತೋರಿಸಿದ ವಿನ್ಯಾಸವನ್ನು ಆರ್ಡರ್ ಬಂದ ಮೇಲೆ ಮುದ್ರಿಸಿದ ಮಾತ್ರಕ್ಕೆ ಅದು ಅವರಿಗೆಂದೇ ಮಾಡಿದ್ದು ಎಂದು ವಾದಿಸುವುದು ಕಷ್ಟ. ಈ ಎರಡರ ನಡುವಿನ ಅಂತರವನ್ನು ತುಂಬುವುದು ನಿಮ್ಮ ಜೇಬು, ಆದ್ದರಿಂದ ಬೆಲೆ ಕಟ್ಟುವಾಗ ನೂರಕ್ಕೆ ಎರಡು ಮೂರು ಮಾಲನ್ನು ನಿಮ್ಮ ಖರ್ಚಿನಲ್ಲೇ ಮತ್ತೆ ಕಳಿಸಬೇಕಾಗುತ್ತದೆ ಎಂದು ಲೆಕ್ಕದಲ್ಲಿಡಿ.

ದೂರು ಬಂದಾಗ ಮೂರು ಫೋಟೊ ಕೇಳಿ: ಪೂರ್ತಿ ಮಾಲು, ದೋಷದ ಸಮೀಪ ನೋಟ, ಪೊಟ್ಟಣದ ಮೇಲಿನ ಚೀಟಿ. ಮಾಲನ್ನು ಹಿಂದಕ್ಕೆ ಕಳಿಸಿ ಎನ್ನಬೇಡಿ. ದೋಷದ ಮಾಲು ಘಟಕಕ್ಕೆ ಬೇಕಿಲ್ಲ, ಸಾಗಣೆ ಖರ್ಚು ಸುಮ್ಮನೆ. ವಿಳಾಸ ತಪ್ಪಿ ಹಿಂದಕ್ಕೆ ಬಂದ ಪೊಟ್ಟಣವನ್ನು ಮತ್ತೆ ಕಳಿಸುವ ಖರ್ಚು ಘಟಕದ್ದಲ್ಲ. ಅದಕ್ಕೆಂದೇ ಮೊದಲ ಕೆಲವು ವಾರ ಆರ್ಡರ್ ಬಂದ ತಕ್ಷಣ ಮುದ್ರಣಕ್ಕೆ ಹೋಗುವ ವ್ಯವಸ್ಥೆಯನ್ನು ನಿಲ್ಲಿಸಿ, ಪ್ರತಿ ಆರ್ಡರ್ ಅನ್ನು ನೀವೇ ತೆರೆದು ಮನೆ ಸಂಖ್ಯೆ, ಪಿನ್‌ಕೋಡ್, ಫೋನ್ ಸಂಖ್ಯೆ ಇವೆಯೇ, ಆರಿಸಿದ ಬಣ್ಣಕ್ಕೆ ಸರಿಯಾದ ಫೈಲ್ ಕೂತಿದೆಯೇ ಎಂದು ನೋಡಿ ಆಮೇಲೆ ಬಿಡಿ. ಒಂದು ಆರ್ಡರ್‌ಗೆ ಎರಡು ನಿಮಿಷ ಸಾಕು. ಸಂದೇಹ ಬಂದರೆ ಕೊಂಡವರಿಗೆ ಅಂದೇ ಸಂದೇಶ ಕಳಿಸಿ, ಮುದ್ರಣ ಶುರುವಾದ ಮೇಲೆ ವಿಳಾಸವನ್ನಾಗಲಿ ಅಳತೆಯನ್ನಾಗಲಿ ಬದಲಿಸಲು ಬಹುತೇಕ ಘಟಕಗಳು ಬಿಡುವುದಿಲ್ಲ.